ಕಾಶಿಬಾಯಿ ಹರಳುಗಟ್ಟಿಸಿದ ಯೂರಿಯಾ

ಸೊಲ್ಲಾಪುರ ರಸ್ತೆಯ ಅಂಗಡಿಗಳ ಶಟರ್ ಇನ್ನೂ ಎದ್ದಿಲ್ಲ. ಚಹಾ ಗಾಡಿಯ ಸ್ಟೋವ್ ಒಂದೇ ಬುಸುಗುಡುತ್ತಿದೆ. ಕಾಲೇಜಿನ ಕಿರುಗೇಟು ದಾಟಿ, ರಸಾಯನಶಾಸ್ತ್ರ ವಿಭಾಗದ ಮೆಟ್ಟಿಲು ಹತ್ತಿ, ಕಾಶಿಬಾಯಿ ಪ್ರಯೋಗಾಲಯದ ಬೀಗ ತೆಗೆಯುತ್ತಾರೆ. ಬಾಗಿಲು ತೆಗೆದ ಕೂಡಲೇ ಒಳಗೆ ಕಾಲಿಡುವುದಿಲ್ಲ. ಹೊಸ್ತಿಲಲ್ಲೇ ನಿಂತು ಕೈ ಚಾಚಿ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಒತ್ತುತ್ತಾರೆ. ಮುಚ್ಚಿದ ಕೋಣೆಯಲ್ಲಿ ಕೂಡಿಕೊಂಡ ವಾಸನೆಯೆಲ್ಲ ಹೋಗಲಿ ಎಂದು ಸ್ವಲ್ಪ ಹೊತ್ತು ಕಾಯುತ್ತಾರೆ. "ಅದಕ್ಕೂ ಉಸಿರು ಬಿಡಾಕ ಟೈಮ್ ಕೊಡಬೇಕಲ್ರಿ" ಎನ್ನುತ್ತಾರೆ, ಮನೆಯ ಎಮ್ಮೆಯ ವಿಷಯ ಹೇಳುವ ಹಾಗೆ.

ಆಮೇಲೆ ಒಂದೇ ಓಟ. ಭಟ್ಟಿ ಇಳಿಸುವ ಯಂತ್ರಕ್ಕೆ ನೀರು ಬಿಟ್ಟು, ಕರೆಂಟು ಹಾಕಿ, ಹನಿ ಬೀಳಲು ಶುರುವಾಯಿತೇ ಎಂದು ಬಗ್ಗಿ ನೋಡುತ್ತಾರೆ. ವಿಜಯಪುರದ ನಲ್ಲಿಯ ನೀರು ಕುಡಿಯಲು ರುಚಿ, ಆದರೆ ಗಾಜಿಗೆ ಹಗೆ. ಒಣಗಿದ ಕಡೆಯೆಲ್ಲ ಬಿಳಿ ಕಲೆ ಬಿಟ್ಟು ಹೋಗುತ್ತದೆ. ಆದ್ದರಿಂದ ಹುಡುಗರು ಬರುವ ಹೊತ್ತಿಗೆ ದೊಡ್ಡ ಕ್ಯಾನು ತುಂಬ ಶುದ್ಧ ನೀರು ತಯಾರಿರಬೇಕು. ಫ್ಲಾಸ್ಕು, ಬೀಕರು, ಲಾಳಿಕೆ, ಕೊಳವೆ ಎಲ್ಲ ಸೇರಿ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಗಾಜಿನ ಸಾಮಾನು ಅವರ ಕೈಯಲ್ಲಿ ತೊಳೆಸಿಕೊಳ್ಳುತ್ತವೆ. ಒಡೆದದ್ದೆಷ್ಟು ಎಂದು ಕೇಳಿದರೆ ಮುಖ ಗಂಟಿಕ್ಕುತ್ತಾರೆ. "ಹುಡುಗೂರು ಒಡೀತಾವ್ರಿ. ನಾ ಯಾಕ ಒಡೀಲಿ?"

ಇಂದು ಮಾತ್ರ ಅವರ ಕೈಗೆ ಸಮಾಧಾನವಿಲ್ಲ. ತೊಳೆದದ್ದನ್ನೇ ತೊಳೆಯುತ್ತಿದ್ದಾರೆ, ಒರೆಸಿದ್ದನ್ನೇ ಒರೆಸುತ್ತಿದ್ದಾರೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ದುಂಡು ಫ್ಲಾಸ್ಕನ್ನು ಬಿಳಿ ಬಟ್ಟೆ ಹೊದಿಸಿ ಪ್ರತ್ಯೇಕವಾಗಿ ಇಟ್ಟಿದ್ದಾರೆ. ಹನ್ನೊಂದು ವರ್ಷದಿಂದ ಬೇರೆಯವರ ಪ್ರಯೋಗಕ್ಕೆ ಸಾಮಾನು ಜೋಡಿಸಿಕೊಟ್ಟ ಈ ಸಹಾಯಕಿ ಇಂದು ಮೊದಲ ಸಲ ತಮ್ಮದೇ ಪ್ರಯೋಗಕ್ಕೆ ಜೋಡಿಸಿಕೊಳ್ಳುತ್ತಿದ್ದಾರೆ.

ವಿಷಯ ಇಷ್ಟೇ. ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿ ಸಣ್ಣ ಸಣ್ಣ ಬಾಟಲಿಗಳ ಒಂದು ಸಾಲು ಇದೆ. ಒಂದೊಂದರಲ್ಲಿಯೂ ಪಕ್ಕಾ ಶುದ್ಧವಾದ ಒಂದೊಂದು ವಸ್ತು. ಹುಡುಗರು ತಾವು ತಯಾರಿಸಿದ್ದು ಸರಿಯಾಗಿದೆಯೇ ಎಂದು ಈ ಬಾಟಲಿಗಳ ಜತೆ ಹೋಲಿಸಿ ನೋಡಬೇಕು. ಮಾದರಿಯೇ ಕೆಟ್ಟರೆ ಇಡೀ ತರಗತಿಯ ಲೆಕ್ಕ ಕೆಟ್ಟಿತು. ಅದರಲ್ಲಿ ಫಿನೈಲ್ ಯೂರಿಯಾದ ಬಾಟಲಿ ತಳ ಕಂಡಿದೆ, ಉಳಿದದ್ದು ಒಂದು ಚಿಟಿಕೆ. ಗುರುವಾರದಿಂದ ಅದೇ ಪ್ರಯೋಗ ಶುರು. ವಿಭಾಗದ ಮುಖ್ಯಸ್ಥ ಚಂದ್ರಕಾಂತ ಸರ್ ದಸರೆಯ ರಜೆಗೆ ಮೊದಲು ಎಲ್ಲರೆದುರು ಕೇಳಿದರು: "ಈ ಸಲ ಕಾಶಿಬಾಯಿ ಮಾಡಲಿ. ಏನ್ರಿ, ಮಾಡ್ತೀರಿ?"

"ನನ್ನ ಜೀವ ಬಾಯಿಗಿ ಬಂತ್ರಿ" ಎಂದು ನಗುತ್ತಾರೆ ಕಾಶಿಬಾಯಿ. "ಆದ್ರ ಹೂಂ ಅಂದಬಿಟ್ಟೆ. ಬಾಯಿ ಮುಂದ ಹೋಗಿಬಿಡ್ತು, ಮನಸು ಹಿಂದ ಬಂತು."

ಕಾಶಿಬಾಯಿಯ ತವರು ಬಬಲೇಶ್ವರದ ಕಡೆಯ ಒಂದು ಹಳ್ಳಿ. ಹತ್ತನೆಯ ಇಯತ್ತೆ ಪಾಸಾಗಿದ್ದೇ ತಡ, ತಿಕೋಟಾಕ್ಕೆ ಸೊಸೆಯಾಗಿ ಬಂದರು. ಗಂಡ ಅಮೋಘಿ ಕುರಿ ಕಾಯುವವರು, ಮಾತು ಕಡಿಮೆ, ನಗು ಜಾಸ್ತಿ. ತಿಕೋಟಾ ಅಂದ ಮೇಲೆ ದ್ರಾಕ್ಷಿ ತೋಟ ಬಿಟ್ಟು ಕೂಲಿ ಉಂಟೇ? ಕಾಶಿಬಾಯಿ ಹತ್ತು ವರ್ಷ ಗೊನೆ ಅದ್ದುವ ಗುಂಪಿನಲ್ಲಿ ದುಡಿದರು. ಕಾಯಿ ಕಾಳಿನಷ್ಟಿದ್ದಾಗ ಔಷಧದ ನೀರು ತುಂಬಿದ ಡಬ್ಬಿಯನ್ನು ಒಂದೊಂದೇ ಗೊನೆಯ ಕೆಳಗೆ ಹಿಡಿದು, ಮುಳುಗಿಸಿ, ಮೆಲ್ಲಗೆ ಅಲ್ಲಾಡಿಸಿ ಬಿಡಬೇಕು. ಜೋರು ಮಾಡಿದರೆ ಕಾಯಿ ಉದುರುತ್ತವೆ. ಮಾಲೀಕರು ಹೇಳುತ್ತಿದ್ದದ್ದು ಒಂದೇ ಮಾತು, ಇದು ಕಾಯಿ ದಪ್ಪ ಮಾಡುವ ಔಷಧ ಎಂದು. ಕೈಗವಸು ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ. ಸಂಜೆಗೆ ಬೆರಳೆಲ್ಲ ಬಿರಿದು, ರೊಟ್ಟಿ ಬಡಿಯುವಾಗ ಉರಿಯುತ್ತಿದ್ದವು.

ಕಾಲೇಜಿನ ಕೆಲಸ ಸಿಕ್ಕಾಗ ಮೊದಮೊದಲು ಅವರಿಗೆ ಇಲ್ಲಿಯ ಹೆಸರುಗಳೇ ನಾಲಿಗೆಗೆ ಹತ್ತಲಿಲ್ಲ. ಬಾಟಲಿಯ ಮೇಲಿನ ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿ, ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಬಾಯಿಪಾಠ ಮಾಡುತ್ತಿದ್ದರು. ಪಕ್ಕದಲ್ಲಿ ಕುಳಿತವರು ಈಕೆ ಯಾವುದೋ ಮಂತ್ರ ಹೇಳುತ್ತಿದ್ದಾಳೆ ಎಂದುಕೊಂಡು ಸರಿದು ಕೂರುತ್ತಿದ್ದರಂತೆ. "ಚೊಲೋನ ಆತ್ರಿ, ಸೀಟಿನ್ಯಾಗ ಜಾಗಾ ಆಗ್ತಿತ್ತು."

ಅವರ ಬದುಕಿನ ಎರಡು ತುದಿ ಒಂದಾದದ್ದು ಮಾತ್ರ ಕಳೆದ ವರ್ಷ. ಚಂದ್ರಕಾಂತ ಸರ್ ಎಂ.ಎಸ್ಸಿ. ಹುಡುಗಿಯರಿಗೆ ಅಮೈನಿನಿಂದ ಯೂರಿಯಾ ಜಾತಿಯ ವಸ್ತುಗಳನ್ನು ತಯಾರಿಸುವ ದಾರಿಗಳ ಪಾಠ ಮಾಡುತ್ತಿದ್ದರು. ಕಾಶಿಬಾಯಿ ಹಿಂದಿನ ಸಿಂಕಿನಲ್ಲಿ ಕೊಳವೆ ತೊಳೆಯುತ್ತಿದ್ದರು, ಕಿವಿ ಇತ್ತಲೇ ಇತ್ತು. ಹಳೆಯ ದಾರಿಯಲ್ಲಿ ಫಾಸ್ಜೀನ್ ಎಂಬ ವಿಷಗಾಳಿ ಬೇಕು. ಇನ್ನೊಂದು ದಾರಿಯಲ್ಲಿ ಐಸೋಸಯನೇಟ್ ಬೇಕು, ಅದೂ ಕಡಿಮೆ ವಿಷವೇನಲ್ಲ. ಮತ್ತೊಂದರಲ್ಲಿ ಸಯನೇಟ್ ಉಪ್ಪು. ಕಾಲೇಜಿನಂಥ ಕಡೆಗೆ ಎಲ್ಲಕ್ಕಿಂತ ಒಗ್ಗುವ ದಾರಿ ಎಂದರೆ ಹೊಲಕ್ಕೆ ಹಾಕುವ ಯೂರಿಯಾವನ್ನೇ ತೆಗೆದುಕೊಂಡು, ಆಮ್ಲ ಬೆರೆಸಿದ ಅನಿಲಿನ್ ಎಂಬ ಅಮೈನಿನ ಜತೆ ನೀರಿನಲ್ಲಿ ಕುದಿಸುವುದು. ಸರ್ ಬೋರ್ಡಿನ ಮೇಲೆ ಯೂರಿಯಾದ ಚಿತ್ರ ಬಿಡಿಸಿದರು. ನಡುವೆ ಕಾರ್ಬನ್, ಎರಡೂ ಕಡೆ ಒಂದೊಂದು ನೈಟ್ರೋಜನ್.

"ಸರ, ಇದು ನೊಗಾ ಹೂಡಿದಂಗ ಐತಲ್ರಿ" ಎಂಬ ಮಾತು ಸಿಂಕಿನ ಕಡೆಯಿಂದ ಬಂತು. "ನಡಕ ನೊಗಾ, ಆ ಕಡಿ ಒಂದ ಎತ್ತ, ಈ ಕಡಿ ಒಂದ ಎತ್ತ."

ಸರ್ ಸೀಮೆಸುಣ್ಣ ಕೆಳಗಿಟ್ಟು ನಕ್ಕರು. "ಹೌದ್ರಿ. ನಾವು ಒಂದ ಎತ್ತ ಬಿಚ್ಚಿ, ಅಲ್ಲೆ ಅನಿಲಿನ್ ಎತ್ತ ಕಟ್ಟತೀವಿ. ಆಗ ಅದು ಫಿನೈಲ್ ಯೂರಿಯಾ. ಬಾಳ ಹೊತ್ತು ಕುದಿಸಿದ್ರ ಎರಡೂ ಎತ್ತ ಬದಲಿ ಆಗ್ತಾವ. ಅದು ಡೈಫಿನೈಲ್ ಯೂರಿಯಾ. ಅದು ನಮಗ ಬ್ಯಾಡ." ಆಮೇಲೆ ಪಕ್ಕದಲ್ಲಿ ಇನ್ನೊಂದು ಚಿತ್ರ ಬಿಡಿಸಿ, ಇದೂ ಅದೇ ನೊಗ, ಎತ್ತು ಮಾತ್ರ ಬೇರೆ, ದ್ರಾಕ್ಷಿ ಕಾಯಿ ದಪ್ಪ ಮಾಡಲು ಹಾಕುವ ಒಂದು ಔಷಧ ಇದೇ ಎಂದರು.

ಕಾಶಿಬಾಯಿಯ ಕೈಯಲ್ಲಿದ್ದ ಕೊಳವೆ ಅಲ್ಲೇ ನಿಂತಿತು. "ಹತ್ತ ವರ್ಷ ಆ ನೀರಾಗ ಕೈ ಅದ್ದೇನಿ. ಅದರ ಮಾರಿ ಅವತ್ತ ನೋಡಿದ್ನಿ" ಎನ್ನುವಾಗ ಅವರ ಕಣ್ಣು ಅರಳುತ್ತವೆ. ಅದೇ ವಾರ ತಿಕೋಟಾದ ಗುಂಪಿನ ಹೆಂಗಸರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿ, ಕೈಗವಸು ಇಲ್ಲದೆ ಗೊನೆ ಅದ್ದಬಾರದೆಂದು ತಾಕೀತು ಮಾಡಿದರು. ಈಗ ಆ ಗುಂಪು ಕೈಗವಸು ಕೊಡದ ತೋಟಕ್ಕೆ ಹೋಗುವುದೇ ಇಲ್ಲ.

ಅಂದಿನಿಂದ ಕಾಶಿಬಾಯಿಗೆ ಒಂದು ಆಸೆ ಹತ್ತಿತು. ಆ ಎತ್ತು ಬದಲಿಸುವ ಕೆಲಸವನ್ನು ಒಮ್ಮೆ ತಮ್ಮ ಕೈಯಾರೆ ಮಾಡಬೇಕು. ಕಪಾಟಿನ ಬಾಟಲಿಗಳನ್ನೆಲ್ಲ ತುಂಬಿದವರು ಮೇಷ್ಟ್ರುಗಳು, ಇಲ್ಲವೇ ಓದಿ ಮುಗಿಸಿ ಹೋದ ಜಾಣ ಹುಡುಗರು. ಸಾಮಾನು ತೊಳೆಯುವವರು ತುಂಬಿದ್ದು ಒಂದೂ ಇಲ್ಲ. ಆ ಸಾಲಿನಲ್ಲಿ ತಮ್ಮದೂ ಒಂದು ಬಾಟಲಿ ನಿಲ್ಲುತ್ತದೋ ಇಲ್ಲವೋ ಎಂಬುದು ಇಂದು ತೀರ್ಮಾನವಾಗಬೇಕು.

ಕೊನೆಯ ವರ್ಷದ ಎಂ.ಎಸ್ಸಿ. ಓದುವ ಶಾಂಭವಿ ಜತೆಗಿದ್ದಾಳೆ. ಉಳಿದ ಹುಡುಗರಂತೆ ಅವಳಿಗೂ ಕಾಶಿಬಾಯಿ 'ಕಾಕು', ಎಂದರೆ ಚಿಕ್ಕಮ್ಮ. ತೂಕ ಮಾಡುವುದು, ಅಳೆಯುವುದು ಎಲ್ಲ ಕಾಶಿಬಾಯಿಯದೇ, ಶಾಂಭವಿ ನೋಡಿಕೊಳ್ಳುವವಳು ಮಾತ್ರ. ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿ ಹೊರಗೆಳೆಯುವ ಕಪಾಟಿನೊಳಗೆ ಕಾಶಿಬಾಯಿ ಆಮ್ಲ ಬೆರೆಸಿ ಮಾಡಿದ ಅನಿಲಿನ್ ಉಪ್ಪನ್ನೂ ಯೂರಿಯಾವನ್ನೂ ನೀರಿಗೆ ಹಾಕುತ್ತಾರೆ. ಬಟ್ಟೆ ಸರಿಸಿ ದುಂಡು ಫ್ಲಾಸ್ಕನ್ನು ಎತ್ತಿ ಇಡುವಾಗ ಅವರ ಮುಖ ಮದುವೆ ಮನೆಯ ಯಜಮಾನಿಯ ಹಾಗಿದೆ. ಮೇಲೆ ತಣ್ಣೀರು ಹರಿಯುವ ಕೊಳವೆ ಸಿಕ್ಕಿಸಿ ಬೆಂಕಿ ಹಚ್ಚುತ್ತಾರೆ.

ಅದು ಕುದಿಯುತ್ತಿರುವಾಗ ಬರ್ಫ ತರಬೇಕು. ಹರಳು ಕಟ್ಟಲು ತಂಪು ಬೇಕಲ್ಲ, ಪ್ರಯೋಗಾಲಯದ ಫ್ರಿಜ್ಜು ತುಂಬ ಮುದುಕಿ. ಶಾಂಭವಿಯನ್ನು ಕಾವಲಿಟ್ಟು ಕಾಶಿಬಾಯಿ ಆಟೋ ಹಿಡಿದು ಗಾಂಧಿ ಚೌಕಕ್ಕೆ ಹೋಗುತ್ತಾರೆ. ಅಲ್ಲಿಯ ಇಕ್ಕಟ್ಟಿನ ಓಣಿಯೊಂದರಲ್ಲಿ ಶರಬತ್ತಿನ ಅಂಗಡಿಯ ಬುಡ್ಡೇಸಾಬರು ಹಳೆಯ ಪರಿಚಯ. ಬರ್ಫ ಒಡೆದು ಗೋಣಿತಟ್ಟಿನಲ್ಲಿ ಸುತ್ತಿ ಕೊಡುತ್ತ ಅವರು ದಿನದ ಪ್ರಶ್ನೆ ಕೇಳುತ್ತಾರೆ.

"ಏನ ಬಾಯಿ, ಇವತ್ತ ಯಾರಿಗಿ ಶರಬತ್ತ?"

"ಇವತ್ತ ನನಗ" ಎನ್ನುತ್ತಾರೆ ಕಾಶಿಬಾಯಿ. ಬುಡ್ಡೇಸಾಬರು ವಿಷಯ ಕೇಳಿ ತಿಳಿದು, ಇನ್ನೊಂದು ದೊಡ್ಡ ತುಂಡು ಮೇಲೆ ಹಾಕಿ ಕಟ್ಟುತ್ತಾರೆ. "ತಂಪ ಕಮ್ಮಿ ಬಿದ್ದರ ನನ್ನ ಹೆಸರ ಕೆಡತೈತಿ."

ವಾಪಸು ಬಂದಾಗ ಶಾಂಭವಿಯ ಮುಖ ಸಪ್ಪಗಿದೆ. ಫ್ಲಾಸ್ಕಿನಲ್ಲಿ ಕುದಿಯುತ್ತಿರುವ ನೀರು ತಿಳಿಯಾಗಿರಬೇಕಿತ್ತು. ಅದು ಹಳದಿಗೆ ತಿರುಗಿದೆ. ಇಬ್ಬರೂ ಕಿಟಕಿಯ ಬೆಳಕಿಗೆ ಬಗ್ಗಿ ನೋಡುತ್ತಾರೆ. ಅನುಮಾನವೇ ಇಲ್ಲ, ಅರಿಸಿನ ಕಲಸಿದ ನೀರಿನ ಹಳದಿ.

"ಅನಿಲಿನ್ ಹಳೇದ ಆಗಿರಬೇಕು ಕಾಕು" ಎನ್ನುತ್ತಾಳೆ ಶಾಂಭವಿ. ಆದರೆ ಅನಿಲಿನ್ ಕೆಟ್ಟರೆ ಕಂದು ಬಣ್ಣ ಬರುತ್ತದೆ. ಇದು ಆ ಬಣ್ಣವಲ್ಲ. ಯೂರಿಯಾ ಹೊಸ ಪೊಟ್ಟಣದ್ದು, ನೀರು ಬೆಳಿಗ್ಗೆಯೇ ಇಳಿಸಿದ್ದು. ಕಾಶಿಬಾಯಿ ಸ್ಟೂಲಿನ ಮೇಲೆ ಕುಳಿತುಬಿಡುತ್ತಾರೆ. ಸುದ್ದಿ ಕೇಳಿ ಬಂದ ಚಂದ್ರಕಾಂತ ಸರ್ ಫ್ಲಾಸ್ಕನ್ನು ಬಗ್ಗಿ ನೋಡುತ್ತಾರೆ. ಮೊದಲು ಬೇಡದ ಡೈಫಿನೈಲ್ ಯೂರಿಯಾವನ್ನು ಬಿಸಿಯಲ್ಲೇ ಸೋಸಿ ತೆಗೆಯಿರಿ, ಆಮೇಲೆ ನೋಡೋಣ ಎಂದಷ್ಟೇ ಹೇಳಿ ಕೈಕಟ್ಟಿ ನಿಲ್ಲುತ್ತಾರೆ.

ಸೋಸಿದ ಮೇಲೆ ಖಾಲಿ ಫ್ಲಾಸ್ಕನ್ನು ತೊಳೆಯಲು ಎತ್ತಿಕೊಂಡದ್ದು ಅಭ್ಯಾಸಬಲ. ಅದರ ಕುತ್ತಿಗೆಯೊಳಗೆ, ಕೊಳವೆ ಕೂಡುವ ಒರಟು ಗಾಜಿನಲ್ಲಿ, ಬೆರಳು ಆಡಿಸಿದ ಕಾಶಿಬಾಯಿ ಕೈಗವಸಿನ ತುದಿ ನೋಡಿಕೊಳ್ಳುತ್ತಾರೆ. ಕೆಂಪು. ಅವರು ತಲೆಯ ಮೇಲೆ ಕೈ ಹೊತ್ತುಕೊಳ್ಳುವುದೊಂದು ಬಾಕಿ.

"ಸರ, ನಂದ ತಪ್ಪರಿ. ಕುಂಕುಮ."

ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇ ಪೂಜೆಯ ದಿನ ಊರಿನ ಗ್ಯಾರೇಜಿನಲ್ಲಿ ನಟ್ಟು ಬಿಗಿಸುವ ಪಾನಾಗಳಿಗೆ, ಅಂಗಡಿಯಲ್ಲಿ ತಕ್ಕಡಿಗೆ ಪೂಜೆ ನಡೆಯುವಂತೆ ಇಲ್ಲಿಯೂ ನಡೆಯುತ್ತದೆ. ಕಾಶಿಬಾಯಿ ಪ್ರತಿ ವರ್ಷ ಬರ್ನರಿಗೆ, ತಕ್ಕಡಿಗೆ, ಫ್ಲಾಸ್ಕುಗಳ ಹೊಟ್ಟೆಗೆ ವಿಭೂತಿ ಕುಂಕುಮ ಹಚ್ಚಿ ಸೇವಂತಿಗೆ ಇಡುತ್ತಾರೆ. ಮರುದಿನ ಎಲ್ಲವನ್ನೂ ತಿಕ್ಕಿ ತೊಳೆಯುತ್ತಾರೆ. ಈ ಸಲ ತಾವು ಬಳಸಲಿರುವ ಫ್ಲಾಸ್ಕಿನ ಮೇಲೆ ಮಮತೆ ಉಕ್ಕಿ, ಹೊಟ್ಟೆಗಲ್ಲದೆ ಬಾಯಿಗೂ ಒಂದಿಷ್ಟು ಹಚ್ಚಿದ್ದರು. ಪೂಜೆಯಾದದ್ದನ್ನು ಪುಡಿ ಹಾಕಿ ಬರಬರ ತಿಕ್ಕಲು ಮನಸ್ಸು ಬರದೆ, ಹೊರಗಷ್ಟೇ ನೀರು ಬಿಟ್ಟು ಒರೆಸಿ, ಬಟ್ಟೆ ಹೊದಿಸಿ ಇಟ್ಟಿದ್ದರು. ಇಂದು ಬೆಳಿಗ್ಗೆ ಇಡೀ ಪ್ರಯೋಗಾಲಯವನ್ನೇ ಎರಡೆರಡು ಸಲ ತೊಳೆದವರು ಅದೊಂದನ್ನು ಮುಟ್ಟಿರಲಿಲ್ಲ.

"ಆದ್ರ ಕುಂಕುಮ ಕೆಂಪ ಐತಿ, ಇದ್ಯಾಕ ಹಳದಿ?" ಎಂದು ತಾವೇ ಕೇಳುತ್ತಾರೆ. ಶಾಂಭವಿಗೆ ಅಷ್ಟರಲ್ಲಿ ಹೊಳೆದಿದೆ. "ಅರಿಸಿನಕ್ಕ ಸುಣ್ಣ ಹಾಕಿ ಕೆಂಪ ಮಾಡಿರತಾರ ಕಾಕು. ನಮ್ಮ ನೀರಾಗ ಆಮ್ಲ ಐತಿ. ಆಮ್ಲ ಬಿದ್ದ ಕೂಡಲೇ ಅದು ಮತ್ತ ಅರಿಸಿನ ಆತು." ಹೇಳುತ್ತ ಹೇಳುತ್ತ ಅವಳಿಗೆ ನಗು ತಡೆಯಲಾಗುವುದಿಲ್ಲ. ಸರ್ ಮೊದಲು ಕೆಮ್ಮಿದರು, ಆಮೇಲೆ ಅವರೂ ಮೇಜು ಹಿಡಿದುಕೊಂಡು ನಕ್ಕರು. ಕಾಶಿಬಾಯಿಗೆ ಅಳು ಬರುವಂತಿತ್ತು, ಇವರಿಬ್ಬರ ಮುಖ ನೋಡಿ ನಗುವೇ ಬಂದುಬಿಟ್ಟಿತು. ಪಕ್ಕದ ಕೋಣೆಯವರು ಏನಾಯಿತೆಂದು ಇಣುಕಿ ಹೋದರು.

ನಕ್ಕು ಮುಗಿದ ಮೇಲೂ ಹಳದಿ ಹಾಗೇ ಇದೆ. ಕಾಶಿಬಾಯಿ ಬರ್ಫದ ಮೇಲಿಟ್ಟು ನೋಡುತ್ತಾರೆ. ಹರಳೇನೋ ಕಟ್ಟಿತು, ಆದರೆ ಬಣ್ಣ ಹೊತ್ತುಕೊಂಡೇ ಕಟ್ಟಿತು. ಇದನ್ನು ಕಪಾಟಿನಲ್ಲಿ ಇಡುವಂತಿಲ್ಲ. ಇನ್ನೊಮ್ಮೆ ಹೊಸದಾಗಿ ಮಾಡಬಹುದು, ಶಾಂಭವಿ ಹಾಗೆಂದಳು ಕೂಡ. ಕಾಶಿಬಾಯಿ ಒಪ್ಪಲಿಲ್ಲ. "ಹುಟ್ಟಿದ ಕೂಸಿನ ಮೈ ತೊಳೀತೀವಿ, ಇನ್ನೊಂದ ಹಡಿಯೂಣು ಅಂತೀವೇನ?"

ಮೈ ತೊಳೆಯುವ ದಾರಿ ಸರ್‌ಗೆ ಗೊತ್ತು. ಹಳದಿ ಹರಳನ್ನು ಮತ್ತೆ ಕುದಿಯುವ ನೀರಿನಲ್ಲಿ ಕರಗಿಸಿ, ಶುದ್ಧ ಮಾಡಿದ ಇದ್ದಿಲ ಪುಡಿ ಹಾಕಬೇಕು. ಇದ್ದಿಲು ಬಣ್ಣವನ್ನೆಲ್ಲ ತಾನೇ ಹೀರಿಕೊಳ್ಳುತ್ತದೆ. ಆಮೇಲೆ ಆರುವ ಮುಂಚೆ ಸೋಸಬೇಕು. ತಡವಾದರೆ ಲಾಳಿಕೆಯಲ್ಲೇ ಹರಳು ಕಟ್ಟಿ ಕೂರುತ್ತದೆ. ಸೋಸುವ ಕಾಗದಕ್ಕೆ ಮಡಿಕೆಗಳು ಹೆಚ್ಚಿದ್ದಷ್ಟೂ ಬೇಗ ಇಳಿಯುತ್ತದೆ. ಆ ಮಡಿಕೆ ಹಾಕುವುದರಲ್ಲಿ ಕಾಶಿಬಾಯಿಯ ಕೈ ಕಾಲೇಜಿಗೇ ಗೊತ್ತು. ಸೀರೆಯ ನಿರಿಗೆ ಹಿಡಿದಂತೆ ಬೆರಳುಗಳ ನಡುವೆ ಕಾಗದ ಓಡುತ್ತದೆ, ಒಂದೂ ಹರಿಯುವುದಿಲ್ಲ. ಲಾಳಿಕೆಯನ್ನು ಬಿಸಿ ನೀರಿನಲ್ಲಿ ಕಾಯಿಸಿ ಇಟ್ಟುಕೊಂಡಿದ್ದಾರೆ. ಕಪ್ಪು ನೀರು ಮೇಲೆ ಸುರಿದರು. ಮೂವರೂ ಲಾಳಿಕೆಯ ತುದಿಯನ್ನೇ ನೋಡುತ್ತ ನಿಂತರು.

ಇಳಿದದ್ದು ತಿಳಿನೀರು. ಬಣ್ಣವೆಂಬುದೇ ಇಲ್ಲ.

ಬೀಕರನ್ನು ಬರ್ಫದಲ್ಲಿ ಹೂತಿಟ್ಟು ಕಾಶಿಬಾಯಿ ಗಾಜಿನ ಕಡ್ಡಿ ಹಿಡಿಯುತ್ತಾರೆ. ಒಳಗೋಡೆಯನ್ನು ಕಡ್ಡಿಯಿಂದ ಮೆಲ್ಲಗೆ ಕೆರೆದರೆ ಹರಳಿಗೆ ಕೂರಲು ಜಾಗ ಸಿಗುತ್ತದಂತೆ. ಕೆರೆಯುತ್ತಾರೆ. ಏನೂ ಇಲ್ಲ. ಮತ್ತೆ ಕೆರೆಯುತ್ತಾರೆ. ಶಾಂಭವಿ ಉಗುರು ಕಚ್ಚುತ್ತಿದ್ದಾಳೆ. ಹಠಾತ್ತನೆ ಕಡ್ಡಿ ತಾಗಿದ ಕಡೆ ಒಂದು ಸೂಜಿ ಹುಟ್ಟುತ್ತದೆ, ಅದರ ಪಕ್ಕ ಮತ್ತೊಂದು, ನೋಡುತ್ತಿದ್ದಂತೆ ಬೀಕರಿನ ತುಂಬ ಬಿಳಿ ಸೂಜಿಗಳು ಒಂದರ ಮೈಮೇಲೊಂದು ಬಿದ್ದು ಹೊಳೆಯುತ್ತವೆ. ಕಾಶಿಬಾಯಿ ಬಾಯಿಯ ಮೇಲೆ ಸೆರಗು ಒತ್ತಿಕೊಳ್ಳುತ್ತಾರೆ. ಸಂತೋಷ ಎಂದರೆ ಸಂತೋಷ, ಮುಚ್ಚಿಡುವಂಥದ್ದಲ್ಲ. ಕಣ್ಣಿನಿಂದ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. "ನನ್ನ ಕೈಯಾಗ ಬಂತ ನೋಡ್ರಿ" ಎಂದು ಅದನ್ನೇ ಎರಡು ಸಲ ಹೇಳಿದರು.

ಆದರೆ ಬೆಳ್ಳಗಿದ್ದರೆ ಸಾಲದು. ಮರುದಿನ ಒಣಗಿದ ಮೇಲೆ ಪರೀಕ್ಷೆ. ಕೂದಲಿನಂಥ ಸಣ್ಣ ಕೊಳವೆಯಲ್ಲಿ ಒಂದಿಷ್ಟು ತುಂಬಿ ಶಾಂಭವಿ ನಿಧಾನ ಕಾಯಿಸುತ್ತಾಳೆ. ಫಿನೈಲ್ ಯೂರಿಯಾ ಆದರೆ ನೂರಾ ನಲವತ್ತೇಳು ಡಿಗ್ರಿಯ ಹತ್ತಿರ ಕರಗಬೇಕು, ಅದೂ ಒಮ್ಮೆಲೇ ಕರಗಬೇಕು. ಕಲಬೆರಕೆ ಇದ್ದರೆ ಮೊದಲೇ ಬೆವರಿ, ಎಳೆದಾಡಿ ಕರಗುತ್ತದೆ. ಕಾಶಿಬಾಯಿ ನೋಡಲಾರದೆ ಬೆನ್ನು ತಿರುಗಿಸಿ, ತೊಳೆಯಲು ಏನೂ ಇಲ್ಲದ ಸಿಂಕನ್ನು ತೊಳೆಯುತ್ತಿದ್ದಾರೆ.

"ಕಾಕು, ಇತ್ತ ಬರ್ರಿ" ಎಂದಳು ಶಾಂಭವಿ. "ನೂರಾ ನಲವತ್ತೇಳು. ಒಮ್ಮೆಲೇ ನೀರ ಆಗೇತಿ."

ಹಳೆಯ ಬಾಟಲಿಯ ಚಿಟಿಕೆಯ ಜತೆ ಬೆರೆಸಿ ಇನ್ನೊಮ್ಮೆ ನೋಡಿದರು. ಕರಗುವ ಬಿಂದು ಒಂದಿಷ್ಟೂ ಕೆಳಗಿಳಿಯಲಿಲ್ಲ. ಎಂದರೆ ಎರಡೂ ಒಂದೇ. ಸರ್ ಹೊಸ ಬಾಟಲಿ ತೆಗೆದು, ಚೀಟಿ ಅಂಟಿಸಿ, ವಸ್ತುವಿನ ಹೆಸರಿನ ಕೆಳಗೆ ಇಲ್ಲಿಯ ರೂಢಿಯಂತೆ ತಯಾರಿಸಿದವರ ಹೆಸರಿನ ಮೊದಲ ಅಕ್ಷರಗಳನ್ನು ಬರೆದರು. ಕಾಶಿಬಾಯಿ ಅಮೋಘಿ, ಆದ್ದರಿಂದ 'ಕೆ.ಎ.' ಬಾಟಲಿಯನ್ನು ಕಪಾಟಿನಲ್ಲಿ ಇಡಲು ಅವರ ಕೈಗೇ ಕೊಟ್ಟರು. ಆ ಸಂಜೆ ತಿಕೋಟಾದ ಮನೆಯಲ್ಲಿ ಅಮೋಘಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರಂತೆ. "ನಂದೂ ಹೆಸರ ಹಾಕ್ಯಾರಂದ್ರ ನಾಳಿ ಸರಗ ಒಂದ ತಂಬಗಿ ಹಾಲ ಒಯ್ಯಿ."

ಗುರುವಾರ ಬಂದಿದೆ. ಪ್ರಯೋಗಾಲಯ ಗಿಜಿಗುಡುತ್ತಿದೆ. ನಲವತ್ತು ಮಂದಿ ಹುಡುಗ ಹುಡುಗಿಯರು ಕುದಿಸಿ, ಸೋಸಿ, ಈಗ ತಮ್ಮ ತಮ್ಮ ಹರಳು ಹಿಡಿದು ಕಪಾಟಿನ ಮುಂದೆ ಸಾಲು ನಿಂತಿದ್ದಾರೆ. ಕಾಶಿಬಾಯಿ ಎಂದಿನಂತೆ ಸಿಂಕಿನ ಬಳಿ, ಮೊಣಕೈವರೆಗೆ ನೊರೆ. ಮುಂದೇನಾದರೂ ಆಸೆ ಉಂಟೇ ಎಂದರೆ ದೊಡ್ಡದೇನೂ ಇಲ್ಲ. ಫ್ರಿಜ್ಜು ರಿಪೇರಿಯಾದರೆ ಚೆನ್ನಾಗಿತ್ತು, ಹುಡುಗರು ಗಾಜನ್ನು ಬಳಸಿದ ಕೂಡಲೇ ನೀರಿನಲ್ಲಿ ನೆನೆಹಾಕಿದರೆ ಇನ್ನೂ ಚೆನ್ನಾಗಿತ್ತು.

ಸಾಲಿನ ಮುಂದಿದ್ದ ಮೇಘಾ ಎಂಬ ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾಳೆ. ಅವಳಿಗೆ ಇದು ಮೊದಲ ವರ್ಷ, ಎಲ್ಲವೂ ಅನುಮಾನ.

"ಕಾಕು, ಇದರ ಮ್ಯಾಲ ಕೆ.ಎ. ಅಂತ ಬರದಾರ. ಅದ್ಯಾವ ಸರ? ಅವರು ಮಾಡಿದ್ದು ಖರೇ ಇರತೈತೇನ?"

ಕಾಶಿಬಾಯಿ ಕೈಯ ನೊರೆ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಹತ್ತಿರ ಬರುತ್ತಾರೆ.

"ಸರ ಅಲ್ಲ ಯವ್ವಾ, ನಾನ. ಖರೇ ಐತಿ, ತಗೋ."